ಸಂದೇಹಿಗೆ ಬಂದ ಕರೆ: ಜಾರ್ಜ್ ಎಲಿಯಟ್, ಹಾರ್ಡಿ ಮತ್ತು ಲಾರ್ಕಿನ್ ಕೃತಿಗಳಲ್ಲಿ ಚರ್ಚಿನ ಆರಾಧನೆ

1

ಧರ್ಮ ಮತ್ತು ಸಾಹಿತ್ಯದ ಸಂಬಂಧವನ್ನು ಕುರಿತ ವಿಮರ್ಶೆಯಲ್ಲಿ ಭಕ್ತನಿಗೂ ನಾಸ್ತಿಕನಿಗೂ ದೊರೆತಿರುವ ಗಮನ ಇವರಿಬ್ಬರ ನಡುವೆ ನಿಂತವನಿಗೆ ದೊರೆತಿಲ್ಲ. ದೇವರಿದ್ದಾನೆಂದು ಖಚಿತವಾಗಿ ಹೇಳಲಾರದ, ಧರ್ಮಗ್ರಂಥದ ಮಾತುಗಳನ್ನೆಲ್ಲ ಇತಿಹಾಸವೆಂದು ಒಪ್ಪಲಾರದ, ಆದರೂ ಭಾನುವಾರ ಬೆಳಿಗ್ಗೆ ಊರಿನವರೊಡನೆ ಹೋಗಿ ಚರ್ಚಿನ ಬೆಂಚಿನ ಮೇಲೆ ಕೂರುವ ವ್ಯಕ್ತಿಯನ್ನು ಎರಡೂ ಕಡೆಯವರು ಅನುಮಾನದಿಂದಲೇ ನೋಡಿದ್ದಾರೆ. ಭಕ್ತನ ದೃಷ್ಟಿಯಲ್ಲಿ ಆತ ಅರೆಮನಸ್ಸಿನವನು. ವಿಚಾರವಾದಿಯ ದೃಷ್ಟಿಯಲ್ಲಿ ಧೈರ್ಯ ಸಾಲದವನು. ಇಬ್ಬರೂ ಆತನ ಮೇಲೆ ಹೊರಿಸುವ ಆರೋಪ ಒಂದೇ: ಆಷಾಢಭೂತಿತನ.

ಕನ್ನಡದ ಓದುಗರಿಗೆ ಆರಾಧನಾಲಯವನ್ನು ಕುರಿತ ಟೀಕೆ ಹೊಸತಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ಸ್ಥಾವರಕ್ಕೆ ಎದುರಾಗಿ ಜಂಗಮವನ್ನು ಎತ್ತಿಹಿಡಿದರು. ಇಪ್ಪತ್ತನೆಯ ಶತಮಾನದಲ್ಲಿ ಕುವೆಂಪು ಗುಡಿ, ಚರ್ಚು, ಮಸೀದಿಗಳನ್ನು ಬಿಟ್ಟು ಹೊರಬರುವಂತೆ ಕರೆಕೊಟ್ಟರು. ಈ ಪರಂಪರೆಯಲ್ಲಿ ಹೊರಗೆ ಬರುವವನ ಅನುಭವ ಒಳಗೆ ಉಳಿದವರ ಅನುಭವಕ್ಕಿಂತ ತೀವ್ರವಾದುದು. ಆ ತೀವ್ರತೆಯೇ ಆತನನ್ನು ಹೊರಗೆ ತರುತ್ತದೆ. ಇಲ್ಲಿ ಪರಿಶೀಲಿಸುತ್ತಿರುವ ಸಂದೇಹಿಯ ಸ್ಥಿತಿ ಇದಕ್ಕಿಂತ ಬೇರೆ. ಒಳಗಿರುವವರಿಗಿಂತ ಹೆಚ್ಚಿನದೇನೋ ತನಗೆ ದಕ್ಕಿದೆ ಎಂದು ಆತ ಹೇಳುವುದಿಲ್ಲ. ಅವರಿಗೆ ದಕ್ಕಿದ್ದು ತನಗೆ ದಕ್ಕಿಲ್ಲ ಎಂಬುದೇ ಆತನ ಅಳಲು. ಹಾಗಿದ್ದೂ ಆತ ಒಳಗೆ ಹೋಗುತ್ತಾನೆ. ಏಕೆ?

ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗಿನ ಇಂಗ್ಲಿಷ್ ಸಾಹಿತ್ಯದಲ್ಲಿ ಈ ಪ್ರಶ್ನೆಯನ್ನು ಮೂವರು ಲೇಖಕರು ಬಿಡದೆ ಎತ್ತಿಕೊಂಡಿದ್ದಾರೆ. ಜಾರ್ಜ್ ಎಲಿಯಟ್ (1819–1880), ಥಾಮಸ್ ಹಾರ್ಡಿ (1840–1928) ಮತ್ತು ಫಿಲಿಪ್ ಲಾರ್ಕಿನ್ (1922–1985) ಮೂವರೂ ಕ್ರೈಸ್ತ ಸಿದ್ಧಾಂತವನ್ನು ಒಪ್ಪದವರು. ಮೂವರೂ ಚರ್ಚಿನಿಂದ ಪೂರ್ತಿಯಾಗಿ ದೂರ ಸರಿಯಲಾರದವರು. ಇವರ ಕೃತಿಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದಾಗ, ಸಂದೇಹಿಯನ್ನು ಚರ್ಚಿನೊಳಗೆ ಕರೆಯುವವರು ಯಾರು ಎಂಬ ಪ್ರಶ್ನೆಗೆ ಬದಲಾಗುತ್ತ ಹೋಗುವ ಉತ್ತರಗಳು ಸಿಗುತ್ತವೆ. ಸಂದೇಹಿ ಚರ್ಚಿನಲ್ಲಿ ಕಂಡುಕೊಳ್ಳುವ ಮೌಲ್ಯವು ನಂಬುವ ಇತರರ ಋಣದ ಮೇಲೆ ನಿಂತಿದೆ ಎಂಬುದು ಈ ಬದಲಾವಣೆಯಿಂದ ಹೊರಡುವ ಮುಖ್ಯ ತಾತ್ಪರ್ಯ.

2

ಇಂಗ್ಲೆಂಡಿನಲ್ಲಿ ಚರ್ಚಿಗೆ ಹೋಗುವುದು ಕೇವಲ ಖಾಸಗಿ ಭಕ್ತಿಯ ವಿಷಯವಾಗಿರಲಿಲ್ಲ. ಆಂಗ್ಲಿಕನ್ ಚರ್ಚು ರಾಜ್ಯದ ಅಧಿಕೃತ ಚರ್ಚು. 1837ರಲ್ಲಿ ಸರಕಾರಿ ನೋಂದಣಿ ಆರಂಭವಾಗುವವರೆಗೆ ಊರಿನವರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ದಾಖಲೆ ಮುಖ್ಯವಾಗಿ ಆಯಾ ಊರಿನ ಚರ್ಚಿನ ಪುಸ್ತಕದಲ್ಲಿಯೇ ಇರುತ್ತಿತ್ತು. ಚರ್ಚಿಗೆ ಹೋಗುವುದೆಂದರೆ ಆ ಊರಿನವನಾಗಿರುವುದು ಎಂದೂ ಅರ್ಥವಿತ್ತು. ಆದರೂ ಎಲ್ಲರೂ ಹೋಗುತ್ತಿದ್ದರೆಂದು ಭಾವಿಸುವಂತಿಲ್ಲ. 1851ರ ಮಾರ್ಚ್ 30ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದ ಧಾರ್ಮಿಕ ಗಣತಿಯ ವರದಿಯನ್ನು ಸಿದ್ಧಪಡಿಸಿದ ಹೊರೇಸ್ ಮ್ಯಾನ್, ಹೋಗಲು ಸಾಧ್ಯವಿದ್ದೂ ಅಂದು ಯಾವ ಆರಾಧನೆಗೂ ಹೋಗದವರು 52 ಲಕ್ಷಕ್ಕೂ ಹೆಚ್ಚು ಎಂದು ಅಂದಾಜು ಮಾಡಿದ. ಇವರಲ್ಲಿ ಬಹುಪಾಲು ದುಡಿಯುವ ವರ್ಗದವರು ಎಂಬುದು ಆತನ ಅಭಿಪ್ರಾಯವಾಗಿತ್ತು. ಓದುಬರಹ ಬಲ್ಲ ಮಧ್ಯಮವರ್ಗದಲ್ಲಿ ಮಾತ್ರ ಚರ್ಚಿಗೆ ಹೋಗಲೊಲ್ಲೆ ಎನ್ನುವುದು ಮನೆತನದ ಮರ್ಯಾದೆಯ ಪ್ರಶ್ನೆಯಾಗುತ್ತಿತ್ತು.

ಮುಂದೆ ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಬರೆದ ಮೇರಿ ಆನ್ ಇವಾನ್ಸ್‌ಳ ಮನೆಯಲ್ಲಿ ನಡೆದದ್ದು ಇದೇ. ತಂದೆ ರಾಬರ್ಟ್ ಇವಾನ್ಸ್ ವಾರಿಕ್‌ಷೈರಿನ ದೊಡ್ಡ ಜಮೀನುದಾರಿ ಮನೆತನವೊಂದರ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದವನು. 1841ರಲ್ಲಿ ತಂದೆ–ಮಗಳು ಕಾವೆಂಟ್ರಿಯ ಬಳಿಯ ಫೋಲ್ಸ್‌ಹಿಲ್‌ಗೆ ಬಂದು ನೆಲೆಸಿದರು. ಅಲ್ಲಿ ಪರಿಚಯವಾದ ಚಾರ್ಲ್ಸ್ ಬ್ರೇ ದಂಪತಿಗಳ ಸಹವಾಸ ಮತ್ತು ಕ್ರೈಸ್ತಧರ್ಮದ ಉಗಮವನ್ನು ಕುರಿತು ಚಾರ್ಲ್ಸ್ ಹೆನೆಲ್ 1838ರಲ್ಲಿ ಪ್ರಕಟಿಸಿದ್ದ ಗ್ರಂಥದ ಓದು ಅದುವರೆಗೆ ಕಟ್ಟಾ ಇವಾಂಜೆಲಿಕಲ್ ಆಗಿದ್ದ ಮೇರಿ ಆನ್‌ಳನ್ನು ಬೇರೆ ದಾರಿಗೆ ತಂದವು. 1842ರ ಜನವರಿ 2ರಂದು ಆಕೆ ತಂದೆಯೊಡನೆ ಚರ್ಚಿಗೆ ಹೋಗಲು ನಿರಾಕರಿಸಿದಳು. ತಂದೆ ಸಿಟ್ಟಾದ, ಮನೆಯನ್ನೇ ಬಿಟ್ಟುಬಿಡುವ ಮಾತಾಡಿದ. ಫೆಬ್ರವರಿ ಕೊನೆಯಲ್ಲಿ ಮಗಳು ಅದೇ ಮನೆಯಲ್ಲಿದ್ದ ತಂದೆಗೆ ಪತ್ರ ಬರೆದಳು. ಧರ್ಮಗ್ರಂಥದಲ್ಲಿ ಸತ್ಯವೂ ಕಲ್ಪನೆಯೂ ಬೆರೆತಿವೆ, ಯೇಸುವಿನ ನೀತಿಬೋಧೆ ತನಗೆ ಪೂಜ್ಯ, ಆತನ ಬದುಕಿನ ಸುತ್ತ ಕಟ್ಟಿದ ಸಿದ್ಧಾಂತಗಳನ್ನು ಮಾತ್ರ ಒಪ್ಪಲಾರೆ, ಒಪ್ಪದುದನ್ನು ಒಪ್ಪಿದಂತೆ ನಟಿಸಲಾರೆ ಎಂಬುದು ಅದರ ಸಾರ. ಕೆಲವು ವಾರ ಅಣ್ಣನ ಮನೆಯಲ್ಲಿದ್ದು ಮರಳಿದ ಮೇಲೆ ಒಪ್ಪಂದವೊಂದು ಏರ್ಪಟ್ಟಿತು. ಆಕೆ ತಂದೆಯೊಡನೆ ಚರ್ಚಿಗೆ ಬರಬೇಕು. ಅಲ್ಲಿ ಕುಳಿತು ಏನನ್ನು ಯೋಚಿಸುತ್ತಾಳೆ ಎಂಬುದು ಆಕೆಗೆ ಬಿಟ್ಟದ್ದು. 1849ರ ಮೇ 31ರಂದು ತಂದೆ ತೀರಿಕೊಳ್ಳುವವರೆಗೂ ಈ ಒಪ್ಪಂದ ನಡೆಯಿತು.

ಈ ಪ್ರಸಂಗವನ್ನು ಜೀವನಚರಿತ್ರಕಾರರು ಹಲವು ಬಗೆಯಾಗಿ ವಿವರಿಸಿದ್ದಾರೆ. ಅದನ್ನು ಕೇವಲ ಸೋಲೆಂದು ಓದಲು ಅವಕಾಶವಿಲ್ಲ. ಒಪ್ಪಂದದ ವರ್ಷಗಳಲ್ಲಿಯೇ ಆಕೆ ಡೇವಿಡ್ ಸ್ಟ್ರೌಸ್‌ನ ಯೇಸುಚರಿತ್ರೆಯ ವಿಮರ್ಶಾತ್ಮಕ ಗ್ರಂಥವನ್ನು ಜರ್ಮನ್‌ನಿಂದ ಅನುವಾದಿಸಿ 1846ರಲ್ಲಿ ಪ್ರಕಟಿಸಿದಳು. ವಾರದ ದಿನಗಳಲ್ಲಿ ಸುವಾರ್ತೆಗಳಲ್ಲಿನ ಪವಾಡಗಳನ್ನು ಪುರಾಣವೆಂದು ತೋರಿಸುವ ಗ್ರಂಥದ ಅನುವಾದ, ಭಾನುವಾರ ತಂದೆಯ ಪಕ್ಕದಲ್ಲಿ ಅದೇ ಸುವಾರ್ತೆಯ ವಾಚನ! ಇದು ಬೌದ್ಧಿಕ ಶರಣಾಗತಿಯ ಚಿತ್ರವಲ್ಲ. 1843ರ ಅಕ್ಟೋಬರಿನಲ್ಲಿ ಗೆಳತಿ ಸಾರಾ ಹೆನೆಲ್‌ಗೆ ಬರೆದ ಪತ್ರದಲ್ಲಿ ಆಕೆ ತನ್ನ ನಿಲುವಿನ ಬದಲಾವಣೆಯನ್ನು ವಿವರಿಸಿದ್ದಾಳೆ. ಹಳೆಯ ಸಿದ್ಧಾಂತಗಳಿಂದ ಬಿಡುಗಡೆಯಾದ ಹೊಸದರಲ್ಲಿ ಸತ್ಯವನ್ನು ಸಾರಿಬಿಡಬೇಕೆಂಬ ಹುಮ್ಮಸ್ಸು ಇರುತ್ತದೆ. ಕಾಲ ಕಳೆದಂತೆ ಅಭಿಪ್ರಾಯಗಳಲ್ಲಿ ಜನ ಒಂದಾಗಲಾರರೆಂದೂ ಭಾವನೆಯ ಸತ್ಯವೇ ಮನುಷ್ಯರನ್ನು ಕೂಡಿಸಬಲ್ಲದೆಂದೂ ತಿಳಿಯುತ್ತದೆ ಎಂಬುದು ಆಕೆಯ ವಾದ. ತಂದೆಯಿಂದ ಬಂದದ್ದು ಆಜ್ಞೆ. ಆಜ್ಞೆಗೆ ಒಪ್ಪಿ ಕುಳಿತವಳು ಆ ಕುಳಿತುಕೊಳ್ಳುವಿಕೆಗೆ ತನ್ನದೇ ಆದ ಅರ್ಥವನ್ನು ಕಂಡುಕೊಳ್ಳಲು ಇನ್ನೂ ಹಲವು ವರ್ಷ ಬೇಕಾಯಿತು.

ಆ ಅರ್ಥದ ಮೊದಲ ರೂಪ 1857ರಲ್ಲಿ ಬ್ಲ್ಯಾಕ್‌ವುಡ್ಸ್ ಪತ್ರಿಕೆಯಲ್ಲಿ ಬಂದ ಆಮೋಸ್ ಬಾರ್ಟನ್‌ನ ಕಥೆಯಲ್ಲಿದೆ. ಈ ಸಭಾಪಾಲಕನ ಪ್ರಸಂಗಗಳು ನೀರಸ. ಊರಿನವರಿಗೆ ಅವನ ಬಗ್ಗೆ ಅಂಥ ಗೌರವವೇನೂ ಇಲ್ಲ. ಹೆಂಡತಿ ಮಿಲಿ ತೀರಿಕೊಂಡಾಗ ಮಾತ್ರ ಅವರು ಅವನ ಹತ್ತಿರಕ್ಕೆ ಬರುತ್ತಾರೆ. ಬೋಧನೆ ಮಾಡಲಾರದ ಕೆಲಸವನ್ನು ಒಬ್ಬ ಮನುಷ್ಯನ ದುಃಖ ಮಾಡುತ್ತದೆ. ಚರ್ಚಿನ ಸತ್ಯವು ಪ್ರಸಂಗಪೀಠದಿಂದ ಬೆಂಚುಗಳ ಕಡೆಗೆ ಸರಿಯುವುದನ್ನು ಇಲ್ಲಿ ಗುರುತಿಸಬಹುದು.

3

1861ರಲ್ಲಿ ಪ್ರಕಟವಾದ ‘ಸೈಲಾಸ್ ಮಾರ್ನರ್’ ಕಾದಂಬರಿಯಲ್ಲಿ ಈ ವಿಚಾರ ಪೂರ್ಣ ಬೆಳವಣಿಗೆಯನ್ನು ಪಡೆಯುತ್ತದೆ. ನೇಕಾರ ಸೈಲಾಸ್ ಉತ್ತರದ ಕೈಗಾರಿಕಾ ಪಟ್ಟಣವೊಂದರ ಲ್ಯಾಂಟರ್ನ್ ಯಾರ್ಡ್ ಎಂಬ ಓಣಿಯಲ್ಲಿದ್ದ ಸಣ್ಣ ಪಂಥವೊಂದರ ಸದಸ್ಯ. ಗೆಳೆಯ ವಿಲಿಯಂ ಡೇನ್ ತಾನು ಕದ್ದ ಹಣದ ಆರೋಪವನ್ನು ಇವನ ಮೇಲೆ ಹೊರಿಸುತ್ತಾನೆ. ಪಂಥದವರು ವಿಚಾರಣೆ ನಡೆಸುವ ಬದಲು ಪ್ರಾರ್ಥನೆ ಮಾಡಿ ಚೀಟಿ ಎತ್ತುತ್ತಾರೆ. ಚೀಟಿ ಸೈಲಾಸನೇ ಕಳ್ಳನೆಂದು ಹೇಳುತ್ತದೆ. ದೇವರೇ ಸುಳ್ಳು ಸಾಕ್ಷಿ ನುಡಿದನೆಂದು ಭಾವಿಸಿದ ಸೈಲಾಸ್ ಎಲ್ಲವನ್ನೂ ತೊರೆದು ರಾವೆಲೋ ಎಂಬ ಹಳ್ಳಿಗೆ ಬರುತ್ತಾನೆ. ಅಲ್ಲಿ ಹದಿನೈದು ವರ್ಷ ಮಗ್ಗ ಮತ್ತು ಕೂಡಿಟ್ಟ ಚಿನ್ನದ ನಾಣ್ಯಗಳ ಹೊರತು ಬೇರೆ ನಂಟಿಲ್ಲದೆ, ಚರ್ಚಿನ ಹೊಸಿಲನ್ನೂ ತುಳಿಯದೆ ಬದುಕುತ್ತಾನೆ.

ರಾವೆಲೋ ಜನರ ಧರ್ಮವನ್ನು ಲೇಖಕಿ ಆದರ್ಶೀಕರಿಸಿಲ್ಲ. ಪ್ರತಿ ಭಾನುವಾರವೂ ತಪ್ಪದೆ ಚರ್ಚಿಗೆ ಹೋಗುವುದು ಸ್ವರ್ಗದಲ್ಲಿ ನೆರೆಯವರಿಗಿಂತ ಹೆಚ್ಚಿನ ಲಾಭ ಹೊಡೆಯುವ ದುರಾಸೆಯೆಂದು ಅವರು ಭಾವಿಸುತ್ತಾರೆ ಎಂದು ಆಕೆ ನಗುತ್ತಲೇ ಹೇಳುತ್ತಾಳೆ. ಇಂಥ ಊರಿನಿಂದ ಸೈಲಾಸನನ್ನು ಕರೆಯಲು ಬರುವವಳು ಗಾಲಿ ಮಾಡುವ ಬಡಗಿಯ ಹೆಂಡತಿ ಡಾಲಿ ವಿನ್‌ತ್ರಾಪ್. ಚಿನ್ನ ಕಳುವಾಗಿ ಸೈಲಾಸ್ ಕಂಗೆಟ್ಟು ಕುಳಿತಿರುವಾಗ, ಕ್ರಿಸ್‌ಮಸ್ ಹತ್ತಿರವಾದ ಒಂದು ಭಾನುವಾರ ಆಕೆ ತನ್ನ ಪುಟ್ಟ ಮಗನೊಡನೆ ಕೊಬ್ಬು ಹಾಕಿ ಸುಟ್ಟ ಸಣ್ಣ ಕೇಕುಗಳನ್ನು ಹಿಡಿದು ಅವನ ಮನೆಗೆ ಬರುತ್ತಾಳೆ. ಆ ಕೇಕುಗಳ ಮೇಲೆ ಐ, ಎಚ್, ಎಸ್ ಎಂಬ ಮೂರು ಅಕ್ಷರಗಳ ಅಚ್ಚಿದೆ. ಅವು ಯೇಸುವಿನ ಹೆಸರಿನ ಗ್ರೀಕ್ ರೂಪದಿಂದ ಬಂದ ಸಂಕೇತ. ಡಾಲಿಗೆ ಓದು ಬರದು. ಅಚ್ಚು ಅತ್ತೆಯ ಕಾಲದಿಂದ ಬಂದದ್ದು. ಚರ್ಚಿನಲ್ಲಿ ಪ್ರಸಂಗಪೀಠದ ಬಟ್ಟೆಯ ಮೇಲೆಯೂ ಅವೇ ಅಕ್ಷರಗಳಿರುವುದರಿಂದ ಅವುಗಳಲ್ಲಿ ಒಳ್ಳೆಯದೇನೋ ಇರಲೇಬೇಕು ಎಂಬುದಷ್ಟೇ ಆಕೆಗೆ ಗೊತ್ತು. ಸೈಲಾಸ್ ಅಕ್ಷರಗಳನ್ನು ಓದಬಲ್ಲ. ಅರ್ಥ ಅವನಿಗೂ ತಿಳಿಯದು. ಓದಲಾರದವಳಿಗೆ ಅವು ಒಳಿತಿನ ಗುರುತಾಗಿವೆ. ಓದಬಲ್ಲವನಿಗೆ ಬರಿಯ ಅಕ್ಷರಗಳು. ಆರಾಧನೆಯ ಅರ್ಥವು ಕೈಯಿಂದ ಕೈಗೆ, ಮನೆಯಿಂದ ಮನೆಗೆ ದಾಟುವ ಬಗೆಯನ್ನು ಈ ಸಣ್ಣ ಸನ್ನಿವೇಶ ಯಾವ ವ್ಯಾಖ್ಯಾನಕ್ಕಿಂತಲೂ ಚೆನ್ನಾಗಿ ಹೇಳುತ್ತದೆ.

ಅಂದಿನ ಕರೆಗೆ ಸೈಲಾಸ್ ಓಗೊಡುವುದಿಲ್ಲ ಎಂಬುದು ಗಮನಾರ್ಹ. ಕ್ರಿಸ್‌ಮಸ್ ದಿನವನ್ನು ಅವನು ಒಬ್ಬನೇ ಕಳೆಯುತ್ತಾನೆ. ಅವನು ಚರ್ಚಿಗೆ ಹೋಗುವುದು ತನ್ನ ಬಾಗಿಲಿಗೆ ಬಂದ ಅನಾಥ ಮಗು ಎಪ್ಪಿಯ ಸಲುವಾಗಿ. ಮಗುವಿಗೆ ದೀಕ್ಷಾಸ್ನಾನ ಮಾಡಿಸದಿದ್ದರೆ ಊರಿನ ಉಳಿದ ಮಕ್ಕಳಿಗೆ ಸಿಕ್ಕ ಒಳಿತು ಅದಕ್ಕೆ ಸಿಗದೆಂದು ಡಾಲಿ ಹೇಳಿದಾಗ ಅವನು ಒಪ್ಪುತ್ತಾನೆ. ಲ್ಯಾಂಟರ್ನ್ ಯಾರ್ಡಿನ ಆರಾಧನೆಗೂ ರಾವೆಲೋ ಚರ್ಚಿಗೂ ಸಂಬಂಧವಿದೆಯೆಂದು ಅವನಿಗೆ ಅನ್ನಿಸುವುದೇ ಇಲ್ಲ. ಕಳೆದುಹೋದ ಭಕ್ತಿ ಮರಳಿತೆಂದು ಕಾದಂಬರಿ ಎಲ್ಲಿಯೂ ಹೇಳುವುದಿಲ್ಲ.

ಹದಿನಾರು ವರ್ಷಗಳ ನಂತರ ಸೈಲಾಸ್ ತನ್ನ ಹಳೆಯ ಕಥೆಯನ್ನು ಡಾಲಿಗೆ ಬಿಡಿಸಿ ಹೇಳುತ್ತಾನೆ. ಚೀಟಿ ನಿರಪರಾಧಿಯ ವಿರುದ್ಧ ಏಕೆ ಬಂತು ಎಂಬುದಕ್ಕೆ ಆಕೆಯಲ್ಲಿ ಉತ್ತರವಿಲ್ಲ. ನಮಗೆ ಕಾಣುವುದಕ್ಕಿಂತ ದೊಡ್ಡದಾದ ಒಳಿತೊಂದು ಇದ್ದೀತು, ನಾವು ಭರವಸೆಯನ್ನು ಬಿಡಬಾರದು ಎಂಬಷ್ಟನ್ನೇ ಆಕೆ ಹೇಳಬಲ್ಲಳು. ಕನ್ನಡದ ‘ನಂಬು’ ಎಂಬ ಕ್ರಿಯಾಪದ ಇಲ್ಲಿ ನೆರವಿಗೆ ಬರುತ್ತದೆ. ಒಂದು ಸಂಗತಿ ನಿಜವೆಂದು ನಂಬುವುದು ಬೇರೆ. ಒಬ್ಬರನ್ನು ನಂಬಿ ಬಾಳುವುದು ಬೇರೆ. ಒಂದೇ ಮಾತು ಎರಡನ್ನೂ ಹೇಳುವುದರಿಂದ ಇವುಗಳ ಅಂತರ ಎಷ್ಟೋ ಸಲ ಮರೆಯಾಗುತ್ತದೆ. ಸೈಲಾಸನಿಗೆ ಮರಳಿ ದಕ್ಕಿದ್ದು ಎರಡನೆಯದು. ಕೊನೆಯಲ್ಲಿ ಅವನು ಎಪ್ಪಿಯೊಡನೆ ಹಳೆಯ ಪಟ್ಟಣಕ್ಕೆ ಹೋದಾಗ ಲ್ಯಾಂಟರ್ನ್ ಯಾರ್ಡ್ ಇದ್ದ ಜಾಗದಲ್ಲಿ ಕಾರ್ಖಾನೆ ಎದ್ದಿದೆ. ಕೇಳಬೇಕಾದ ಪ್ರಶ್ನೆಯನ್ನು ಕೇಳಲು ಯಾರೂ ಉಳಿದಿಲ್ಲ. ಪ್ರಶ್ನೆ ಕೊನೆಯವರೆಗೂ ಕತ್ತಲೆಯಲ್ಲಿಯೇ ಉಳಿಯುತ್ತದೆ, ಮತ್ತು ಅದರೊಂದಿಗೇ ಬಾಳುವುದು ಸಾಧ್ಯವಾಗುತ್ತದೆ.

4

ಜಾರ್ಜ್ ಎಲಿಯಟ್‌ಳ ಈ ನಿಲುವಿಗೆ ಪ್ರಬಲವಾದ ಆಕ್ಷೇಪವೊಂದಿದೆ. ಸತ್ಯಾಸತ್ಯದ ವಿಚಾರವನ್ನು ಬದಿಗಿಟ್ಟು ಸಮುದಾಯದ ಬೆಚ್ಚನೆಯನ್ನು ಹೊಗಳುವುದು ಇದ್ದ ವ್ಯವಸ್ಥೆಯನ್ನು ಕಾಪಾಡುವ ಉಪಾಯವಲ್ಲವೆ? ಜಮೀನುದಾರನೂ ಅವನ ಒಕ್ಕಲೂ ಒಂದೇ ಸೂರಿನಡಿ, ಆದರೆ ಬೇರೆ ಬೇರೆ ಬೆಂಚುಗಳಲ್ಲಿ ಕೂರುವ ಚರ್ಚು ಅಸಮಾನತೆಯ ಮೇಲೆ ಎಳೆದ ಸುಂದರ ಪರದೆಯಾಗಬಹುದಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಕಾದಂಬರಿಯಲ್ಲಿಯೇ ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ಲ್ಯಾಂಟರ್ನ್ ಯಾರ್ಡ್. ಅದೂ ಒಂದು ಸಮುದಾಯವೇ; ರಾವೆಲೋಗಿಂತ ಹೆಚ್ಚು ಬಿಗಿಯಾದ, ಹೆಚ್ಚು ಭಕ್ತಿಯುಳ್ಳ ಸಮುದಾಯ. ಆ ಬಿಗಿಯಾದ ನಂಬಿಕೆಯೇ ನಿರಪರಾಧಿಯನ್ನು ಹೊರಹಾಕಿತು. ಎರಡನೆಯದು ಗಾಡ್‌ಫ್ರಿ ಕ್ಯಾಸ್. ಎಪ್ಪಿಯ ಹೆತ್ತ ತಂದೆಯಾದ ಈ ಜಮೀನುದಾರನ ಮಗ ಅದೇ ರಾವೆಲೋ ಚರ್ಚಿಗೆ ಹೋಗುವವನು. ಗುಟ್ಟಾಗಿ ಮದುವೆಯಾದ ಬಡ ಹೆಂಡತಿ ಹಿಮದಲ್ಲಿ ಸತ್ತಾಗಲೂ ಮಗುವನ್ನು ತನ್ನದೆಂದು ಒಪ್ಪದವನು. ಹದಿನಾರು ವರ್ಷದ ಚರ್ಚಿನ ಆರಾಧನೆ ಅವನ ಬಾಯಿಯಿಂದ ಸತ್ಯವನ್ನು ಹೊರಡಿಸಲಿಲ್ಲ. ಹೀಗಾಗಿ ಚರ್ಚಿಗೆ ಹೋಗುವ ಕ್ರಿಯೆಗೆ ತನ್ನಷ್ಟಕ್ಕೇ ಬೆಲೆಯಿದೆ ಎಂದು ಲೇಖಕಿ ಹೇಳುತ್ತಿಲ್ಲ. ಮತ್ತೊಬ್ಬರ ಹೊಣೆ ಹೊತ್ತು ಹೋದವನಿಗೆ ಅದರಿಂದ ದೊರೆತದ್ದು ಹೊಣೆಯಿಂದ ತಪ್ಪಿಸಿಕೊಂಡು ಹೋದವನಿಗೆ ದೊರೆಯಲಿಲ್ಲ. ಸಂದೇಹಿ ಆಷಾಢಭೂತಿಯೆ ಎಂಬ ಪ್ರಶ್ನೆಗೂ ಇಲ್ಲಿ ಉತ್ತರವಿದೆ: ತನಗೆ ತಿಳಿಯದೆಂದು ಒಪ್ಪಿಕೊಂಡ ಸೈಲಾಸನಲ್ಲಿ ನಟನೆಯಿಲ್ಲ, ನಟನೆಯಿರುವುದು ಎಲ್ಲವನ್ನೂ ಒಪ್ಪಿದಂತೆ ಕೂತ ಗಾಡ್‌ಫ್ರಿಯಲ್ಲಿ.

5

ಥಾಮಸ್ ಹಾರ್ಡಿಯ ವಿಷಯದಲ್ಲಿ ಚರ್ಚಿನ ಸೆಳೆತ ಮುಖ್ಯವಾಗಿ ಸಂಗೀತದ ಮೂಲಕ ಬಂದದ್ದು. ಅವನ ಅಜ್ಜ ಮತ್ತು ತಂದೆ ಡಾರ್ಸೆಟ್‌ನ ಸ್ಟಿನ್ಸ್‌ಫರ್ಡ್ ಚರ್ಚಿನಲ್ಲಿ ತಂತಿವಾದ್ಯ ನುಡಿಸುತ್ತಿದ್ದರು. ಹಾರ್ಡಿ ಹುಟ್ಟಿದ ಹೊತ್ತಿಗೆ ಆ ವಾದ್ಯಮೇಳದ ಕಾಲ ಮುಗಿಯುತ್ತಿತ್ತು. 1872ರ ‘ಅಂಡರ್ ದ ಗ್ರೀನ್‌ವುಡ್ ಟ್ರೀ’ ಕಾದಂಬರಿಯಲ್ಲಿ ಹೊಸ ಪಾದ್ರಿ ಊರಿನ ವಾದ್ಯಗಾರರನ್ನು ಬಿಡಿಸಿ ಆರ್ಗನ್ ತರಿಸುವ ಕಥೆ ಬರುತ್ತದೆ. ತಲೆಮಾರುಗಳಿಂದ ಆರಾಧನೆಯಲ್ಲಿ ಪಾಲಿದ್ದವರು ಇದರಿಂದ ಕೇವಲ ಕೇಳುಗರಾಗುತ್ತಾರೆ. ಈ ವಾದ್ಯಗಾರರ ಪಾಲಿಗೆ ಚರ್ಚಿಗೆ ಹೋಗುವುದು ಸಿದ್ಧಾಂತದ ಮಾತಾಗಿರಲಿಲ್ಲ. ಅದು ಕೈಕೆಲಸ, ತಾಳ, ಸರದಿ. ವಾಸ್ತುಶಿಲ್ಪಿಯಾಗಿ ತರಬೇತಿ ಪಡೆದ ಹಾರ್ಡಿ ತಾರುಣ್ಯದಲ್ಲಿ ಹಳೆಯ ಚರ್ಚುಗಳ ಜೀರ್ಣೋದ್ಧಾರದ ಕೆಲಸ ಮಾಡಿದವನು. ಆ ಜೀರ್ಣೋದ್ಧಾರಗಳು ಹಳೆಯದನ್ನು ಉಳಿಸುವುದಕ್ಕಿಂತ ಅಳಿಸಿದ್ದೇ ಹೆಚ್ಚು ಎಂದು 1906ರ ಉಪನ್ಯಾಸವೊಂದರಲ್ಲಿ ಪಶ್ಚಾತ್ತಾಪಪಟ್ಟವನು.

1898ರ ‘ವೆಸೆಕ್ಸ್ ಪೊಯಮ್ಸ್’ ಸಂಕಲನದ ‘ದಿ ಇಂಪರ್ಸಿಪಿಯೆಂಟ್’ ಕವಿತೆಯ ಹಿನ್ನೆಲೆ ಕೆಥೀಡ್ರಲ್‌ನಲ್ಲಿ ನಡೆಯುತ್ತಿರುವ ಆರಾಧನೆ. ಸುತ್ತಲಿನ ಭಕ್ತರಿಗೆ ಕಾಣುವುದು ಕವಿತೆಯ ನಿರೂಪಕನಿಗೆ ಕಾಣದು. ಕಾಣದಿರುವುದನ್ನು ಅವರು ಅವನ ಹಟವೆಂದು ಬಗೆಯುವುದು ಅವನಿಗೆ ಇನ್ನೂ ನೋವಿನ ಸಂಗತಿ; ರೆಕ್ಕೆಯಿಲ್ಲದ ಹಕ್ಕಿ ಬೇಕೆಂದೇ ನೆಲ ಹಿಡಿದಿದೆಯೆ ಎಂಬುದು ಅವನ ವಾದದ ತಿರುಳು. ಅವಿಶ್ವಾಸವನ್ನು ಒಂದು ಆಯ್ಕೆಯೆಂದೋ ಅಹಂಕಾರವೆಂದೋ ನೋಡುವವರಿಗೆ ಈ ಕವಿತೆ ಗಂಭೀರವಾದ ಉತ್ತರ. ಸೈಲಾಸನಿಗೆ ಸಿಕ್ಕಿದ್ದು ಹಾರ್ಡಿಯ ನಿರೂಪಕನಿಗೆ ಸಿಕ್ಕಿಲ್ಲ. ಜನರ ನಡುವೆ ಕುಳಿತರೂ ಅವನನ್ನು ತಮ್ಮವನೆಂದು ಕಾಣುವ ಡಾಲಿ ಅಲ್ಲಿಲ್ಲ.

1917ರ ‘ಮೊಮೆಂಟ್ಸ್ ಆಫ್ ವಿಷನ್’ ಸಂಕಲನದ ಕವಿತೆಯೊಂದರಲ್ಲಿ ಬಾಲ್ಯದ ಮಧ್ಯಾಹ್ನದ ಆರಾಧನೆಯ ನೆನಪಿದೆ. ಕಿಟಕಿಯಾಚೆಯ ಮರಗಳಂತೆ ತೂಗಾಡುತ್ತ, ಅರ್ಥದ ಕಡೆ ಗಮನವಿಲ್ಲದೆ ಹಾಡಿದ ಕೀರ್ತನೆಗಳವು. ಆಮೇಲಿನ ಸೂಕ್ಷ್ಮ ಚಿಂತನೆಯಿಂದ ಅದಕ್ಕಿಂತ ಹೆಚ್ಚಿನದೇನನ್ನಾದರೂ ಗಳಿಸಿದೆನೆಂದು ಹೇಳಲು ನಿರೂಪಕ ಸಿದ್ಧನಿಲ್ಲ. 1915ರ ಡಿಸೆಂಬರ್ 24ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಬಂದ ‘ದಿ ಆಕ್ಸೆನ್’ ಕವಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕ್ರಿಸ್‌ಮಸ್ ಹಿಂದಿನ ನಡುರಾತ್ರಿ ಕೊಟ್ಟಿಗೆಯ ದನಗಳು ಮಂಡಿಯೂರುತ್ತವೆಂಬುದು ಹಳ್ಳಿಯ ಹಿರಿಯರ ನಂಬಿಕೆ. ಮಹಾಯುದ್ಧದ ಎರಡನೆಯ ಚಳಿಗಾಲದಲ್ಲಿ ಅಂಥ ಮಾತನ್ನು ಯಾರೂ ನಂಬುವುದಿಲ್ಲ. ಆದರೂ ಯಾರಾದರೂ ಬಂದು ನೋಡೋಣ ಬಾ ಎಂದು ಕರೆದರೆ ಆ ಕತ್ತಲೆಯಲ್ಲಿ ತಾನು ಹೋಗುವುದಾಗಿ ನಿರೂಪಕ ಹೇಳಿಕೊಳ್ಳುತ್ತಾನೆ. ವಿಮರ್ಶಕರು ಸಾಮಾನ್ಯವಾಗಿ ಈ ಕವಿತೆಯ ಕೊನೆಯಲ್ಲಿ ಬರುವ ಆಶಯದ ಕಡೆ ಗಮನ ಹರಿಸುತ್ತಾರೆ. ಅದಕ್ಕೂ ಮೊದಲು ಬರುವ ‘ಯಾರಾದರೂ ಕರೆದರೆ’ ಎಂಬ ಷರತ್ತು ಇಲ್ಲಿ ಹೆಚ್ಚು ಮುಖ್ಯ. ಅವನು ತಾನಾಗಿ ಹೋಗಲಾರ. ಸೈಲಾಸನ ಬಾಗಿಲಿಗೆ ಬಂದ ಕರೆ ಹಾರ್ಡಿಯಲ್ಲಿ ಬಾರದೆ ಉಳಿದ ಕರೆಯಾಗಿದೆ. 1922ರ ಸಂಕಲನವೊಂದಕ್ಕೆ ಬರೆದ ಮುನ್ನುಡಿಯಲ್ಲಿ ಅವನು ಧರ್ಮಕ್ಕೂ ಪೂರ್ಣ ವೈಚಾರಿಕತೆಗೂ ಕಾವ್ಯದ ಮೂಲಕ ಹೊಂದಾಣಿಕೆ ಬಂದೀತೆಂದು ಹಾರೈಸಿದ. ಆ ಹಾರೈಕೆ ಫಲಿಸೀತೆಂಬ ಭರವಸೆ ಅವನಿಗೂ ಹೆಚ್ಚಾಗಿ ಇರಲಿಲ್ಲ. ಮರಣಾನಂತರ 1928ರ ಜನವರಿಯಲ್ಲಿ ಅವನ ಚಿತಾಭಸ್ಮವನ್ನು ವೆಸ್ಟ್‌ಮಿನ್‌ಸ್ಟರ್ ಆ್ಯಬಿಯಲ್ಲಿಯೂ ಹೃದಯವನ್ನು ಸ್ಟಿನ್ಸ್‌ಫರ್ಡ್ ಚರ್ಚಿನ ಅಂಗಳದಲ್ಲಿಯೂ ಹೂಳಲಾಯಿತು.

6

ಫಿಲಿಪ್ ಲಾರ್ಕಿನ್ ಹುಟ್ಟಿದ್ದು ಕಾವೆಂಟ್ರಿಯಲ್ಲಿ. ಮೇರಿ ಆನ್ ತಂದೆಯ ಪಕ್ಕದಲ್ಲಿ ಕೂರುತ್ತಿದ್ದ ಹೋಲಿ ಟ್ರಿನಿಟಿ ಚರ್ಚು ಅದೇ ಊರಿನದು. 1940ರ ನವೆಂಬರ್ 14ರ ಬಾಂಬು ದಾಳಿಯಲ್ಲಿ ಅದರ ನೆರೆಯ ಕೆಥೀಡ್ರಲ್ ಸುಟ್ಟು ಗೋಡೆಗಳಷ್ಟೇ ಉಳಿದಾಗ ಲಾರ್ಕಿನ್ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದ. ಬೆಲ್‌ಫಾಸ್ಟ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ, 1954ರಲ್ಲಿ ಅವನು ‘ಚರ್ಚ್ ಗೋಯಿಂಗ್’ ಕವಿತೆಯನ್ನು ಬರೆದ. ಅದು 1955ರ ‘ದ ಲೆಸ್ ಡಿಸೀವ್ಡ್’ ಸಂಕಲನದಲ್ಲಿದೆ. ಶೀರ್ಷಿಕೆಯಲ್ಲಿಯೇ ಶ್ಲೇಷೆಯಿದೆ: ಚರ್ಚಿಗೆ ಹೋಗುವುದು, ಚರ್ಚೇ ಹೋಗಿಬಿಡುವುದು.

ಕವಿತೆಯ ಮೊದಲ ಕ್ರಿಯೆಯೇ ಅರ್ಥಪೂರ್ಣವಾದುದು. ಒಳಗೆ ಯಾವ ಆರಾಧನೆಯೂ ನಡೆಯುತ್ತಿಲ್ಲವೆಂಬುದನ್ನು ಖಾತರಿ ಮಾಡಿಕೊಂಡ ಮೇಲೆಯೇ ನಿರೂಪಕ ಒಳಗೆ ಹೋಗುತ್ತಾನೆ. ಜಾರ್ಜ್ ಎಲಿಯಟ್‌ಳಲ್ಲಿ ಜನರ ಸಲುವಾಗಿ ಚರ್ಚಿಗೆ ಹೋಗುವ ಸಂದೇಹಿ ಇಲ್ಲಿ ಜನರಿಲ್ಲದ ಹೊತ್ತು ನೋಡಿ ಹೋಗುತ್ತಾನೆ. ಟೋಪಿಯಿಲ್ಲದ ಕಾರಣ ಸೈಕಲ್ ತುಳಿಯುವಾಗ ಪ್ಯಾಂಟಿಗೆ ಹಾಕಿಕೊಂಡಿದ್ದ ಕ್ಲಿಪ್ಪುಗಳನ್ನು ತೆಗೆದು ಮರ್ಯಾದೆ ತೋರಿಸುತ್ತಾನೆ. ವಾಚನಪೀಠದ ಬಳಿ ನಿಂತು ಕೆಲವು ಸಾಲು ಓದಿ, ಓದನ್ನು ಮುಗಿಸುವ ರೂಢಿಯ ಮಾತನ್ನು ತಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಹೇಳಿಬಿಡುತ್ತಾನೆ. ಕೇಳುವವರಿಲ್ಲ, ಪ್ರತಿಧ್ವನಿ ಮಾತ್ರ. ಕಾಣಿಕೆಯಾಗಿ ಹಾಕುವ ಐರಿಷ್ ಆರು ಪೆನ್ಸ್ ನಾಣ್ಯ ಅಣಕವೋ ಕಾಣಿಕೆಯೋ ಹೇಳುವುದು ಕಷ್ಟ. ನೋಡುವಂಥದ್ದೇನೂ ಇರಲಿಲ್ಲ ಎಂದುಕೊಂಡರೂ ಇಂಥ ಕಡೆ ತಾನು ಮತ್ತೆ ಮತ್ತೆ ನಿಲ್ಲುವುದೇಕೆಂದು ತನ್ನನ್ನೇ ಕೇಳಿಕೊಳ್ಳುತ್ತಾನೆ.

ಕವಿತೆಯ ನಡುಭಾಗ ಭವಿಷ್ಯವನ್ನು ಕುರಿತದ್ದು. ಚರ್ಚುಗಳು ಪೂರ್ತಿ ಬಳಕೆ ತಪ್ಪಿದ ಮೇಲೆ ಏನಾದಾವು? ಈ ಪ್ರಶ್ನೆಗೆ ಆಡಳಿತದ ಉತ್ತರ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಆಂಗ್ಲಿಕನ್ ಚರ್ಚಿನ ಬಳಕೆ ತಪ್ಪಿದ ಕಟ್ಟಡಗಳನ್ನು ಕಾಪಾಡಲು 1969ರಲ್ಲಿ ನಿಧಿಯೊಂದು ಸ್ಥಾಪಿತವಾಯಿತು. ಇಂದು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂಬ ಹೆಸರಿನ ಆ ಸಂಸ್ಥೆಯ ರಕ್ಷಣೆಯಲ್ಲಿ 350ಕ್ಕೂ ಹೆಚ್ಚು ಚರ್ಚುಗಳಿವೆ. ಬೇರೆ ಎಷ್ಟೋ ಕಟ್ಟಡಗಳು ವಾಸದ ಮನೆಗಳಾಗಿವೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಂಡವರ ಪ್ರಮಾಣ ಮೊದಲ ಬಾರಿಗೆ ಅರ್ಧಕ್ಕಿಂತ ಕೆಳಗಿಳಿದು ಶೇಕಡಾ 46.2 ಆಯಿತು. ಕವಿತೆಯ ಕೊನೆಯ ಭಾಗವಾದರೋ ಇಂಥ ಅಂಕಿಸಂಖ್ಯೆಗಳಿಗೆ ಒಳಪಡದ ಮಾತನ್ನು ಹೇಳುತ್ತದೆ. ಹುಟ್ಟು, ಮದುವೆ, ಸಾವು ಎಂಬ ಬಿಡಿಬಿಡಿ ಘಟನೆಗಳನ್ನು ಒಂದೇ ಸೂರಿನಡಿ ಹಿಡಿದಿಟ್ಟ ಗಂಭೀರವಾದ ಜಾಗವಿದು. ತನ್ನೊಳಗೆ ಗಂಭೀರನಾಗಬೇಕೆಂಬ ಹಸಿವು ಇರುವ ಯಾರಾದರೂ ಒಬ್ಬ ಸುತ್ತಲೂ ಸತ್ತವರು ಮಲಗಿರುವ ಈ ನೆಲಕ್ಕೆ ಬಂದೇ ಬರುತ್ತಾನೆ ಎಂಬುದು ಅದರ ಭಾವ.

ಈ ಸಮಾಪ್ತಿಯನ್ನು ಧರ್ಮದ ಕಡೆಗೆ ಮರಳುವಿಕೆಯೆಂದು ಓದುವುದು ತಪ್ಪಾಗುತ್ತದೆ. 1977ರ ‘ಓಬಾದ್’ ಕವಿತೆಯಲ್ಲಿ ಲಾರ್ಕಿನ್ ಸಾವಿನ ಭಯಕ್ಕೆ ಧರ್ಮ ನೀಡುವ ಸಮಾಧಾನವನ್ನು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸಿದ್ದಾನೆ. ‘ಚರ್ಚ್ ಗೋಯಿಂಗ್’ ಕವಿತೆಯಲ್ಲಿ ಜೀವಂತ ಸಭೆಯ ಸ್ಥಾನವನ್ನು ಸತ್ತವರು ತುಂಬಿದ್ದಾರೆ. ಕರೆಯುವ ಡಾಲಿ ಇಲ್ಲ, ಕರೆಯಬಹುದಾದ ಹಾರ್ಡಿಯ ಹಳ್ಳಿಯವರೂ ಇಲ್ಲ. ಇರುವುದು ಸಮಾಧಿಗಳ ಮೌನವಾದ ಕರೆ. ಲಾರ್ಕಿನ್‌ನ ಸಮಕಾಲೀನನೂ ವೇಲ್ಸ್‌ನ ಪಾದ್ರಿಯೂ ಆದ ಕವಿ ಆರ್. ಎಸ್. ಥಾಮಸ್ (1913–2000) ಇದೇ ಬರಿದಾದ ಚರ್ಚನ್ನು ಒಳಗಿನಿಂದ ಕಂಡವನು. 1966ರ ಸಂಕಲನದ ‘ಇನ್ ಚರ್ಚ್’ ಕವಿತೆಯಲ್ಲಿ ಜನರೆಲ್ಲ ಹೋದ ಮೇಲೂ ಒಬ್ಬ ಮನುಷ್ಯ ಉತ್ತರ ಬಾರದ ಮೌನದೆದುರು ಉಳಿದು ತನ್ನ ಪ್ರಶ್ನೆಗಳನ್ನು ಒಡ್ಡುತ್ತಾನೆ. ಕುತೂಹಲದಿಂದ ಬಂದುಹೋಗುವವನಿಗೂ ದಿನವೂ ಬಾಗಿಲು ತೆರೆಯಬೇಕಾದವನಿಗೂ ಇರುವ ವ್ಯತ್ಯಾಸ ಈ ಎರಡು ಕವಿತೆಗಳ ನಡುವೆ ಇದೆ. ಎರಡನೆಯವನಿಲ್ಲದಿದ್ದರೆ ಮೊದಲನೆಯವನು ಮುಚ್ಚಿದ ಬಾಗಿಲಿನೆದುರು ನಿಲ್ಲಬೇಕಾಗುತ್ತದೆ.

7

ಆಜ್ಞೆ, ಕರೆ, ಬಾರದ ಕರೆ, ಮೌನ: ಒಂದು ನೂರು ವರ್ಷಗಳ ಅವಧಿಯಲ್ಲಿ ಸಂದೇಹಿ ಮತ್ತು ಚರ್ಚಿನ ಸಂಬಂಧ ಈ ನಾಲ್ಕು ಹಂತಗಳಲ್ಲಿ ಸಾಗಿರುವುದನ್ನು ಮೇಲಿನ ವಿಶ್ಲೇಷಣೆ ತೋರಿಸುತ್ತದೆ. ಸಂದೇಹಿಗೆ ಚರ್ಚಿನಿಂದ ದೊರೆತದ್ದು ಪ್ರತಿ ಹಂತದಲ್ಲಿಯೂ ನಿಜವಾದುದೇ. ಆದರೆ ಅದು ಸ್ವಂತ ಸಂಪಾದನೆಯಲ್ಲ. ಡಾಲಿಯಂಥವರು ಅಚ್ಚನ್ನು ಕಾಪಾಡಿಕೊಂಡು ಬಂದದ್ದರಿಂದ ಸೈಲಾಸನಿಗೆ ಕೇಕು ಸಿಕ್ಕಿತು. ಯಾರೋ ಗಂಟೆ ಬಾರಿಸಿ, ನೆಲ ಗುಡಿಸಿ, ಹಾಡಿ, ಹೂಳಿ, ನಂಬಿದ್ದರಿಂದ ಲಾರ್ಕಿನ್‌ಗೆ ಗಂಭೀರವಾದ ಸೂರೊಂದು ಸಿಕ್ಕಿತು. ಸಮಾಜಶಾಸ್ತ್ರಜ್ಞೆ ಗ್ರೇಸ್ ಡೇವಿ ಅವರು ಯೂರೋಪಿನ ಧಾರ್ಮಿಕ ಸ್ಥಿತಿಯನ್ನು ವಿವರಿಸುತ್ತ, ಬಹುಸಂಖ್ಯಾತರ ಪರವಾಗಿ ಅಲ್ಪಸಂಖ್ಯಾತರು ಆಚರಿಸುವ ಧರ್ಮವೆಂಬ ಪರಿಕಲ್ಪನೆಯನ್ನು ಮುಂದಿಟ್ಟಿದ್ದಾರೆ. ಸಾಹಿತ್ಯಕೃತಿಗಳು ಅದಕ್ಕೆ ಸೇರಿಸುವುದು ಋಣದ ಅರಿವನ್ನು. ತನ್ನ ಪರವಾಗಿ ಮತ್ತೊಬ್ಬರು ನಂಬುತ್ತಿದ್ದಾರೆಂಬ ನೆಮ್ಮದಿಯಲ್ಲಿ ಸಂದೇಹಿ ಸುಮ್ಮನಿರುವಂತಿಲ್ಲ ಎಂಬುದನ್ನು ಲಾರ್ಕಿನ್‌ನ ಬರಿದಾದ ಚರ್ಚು ನೆನಪಿಸುತ್ತದೆ.

ಇಲ್ಲಿಂದ ಮತ್ತೆ ಸ್ಥಾವರ–ಜಂಗಮಗಳ ಪ್ರಶ್ನೆಗೆ ಬರಬಹುದು. ವಚನಕಾರರ ಟೀಕೆ ಕಲ್ಲಿನ ಕಟ್ಟಡವನ್ನೇ ಧರ್ಮವೆಂದು ಬಗೆದವರ ಮೇಲೆ, ಕಟ್ಟಡ ಕಟ್ಟಿಸಿ ಪುಣ್ಯ ಗಳಿಸಹೊರಟವರ ಮೇಲೆ. ಜಾರ್ಜ್ ಎಲಿಯಟ್‌ಳ ಕೃತಿಯಲ್ಲಿ ಚರ್ಚಿಗೆ ಬೆಲೆ ಬರುವುದು ಅದರ ಗೋಡೆಗಳಿಂದಲ್ಲ, ನೆರೆಮನೆಯ ಬಾಗಿಲು ತಟ್ಟುವ ಹೆಂಗಸಿನಿಂದ. ಆ ಅರ್ಥದಲ್ಲಿ ಡಾಲಿಯೇ ಆ ಊರಿನ ಜಂಗಮ. ಅವಳು ನಡೆದಾಡುವವರೆಗೆ ಮಾತ್ರ ಆ ಕಟ್ಟಡ ಜೀವಂತ. ಲಾರ್ಕಿನ್ ನಿಂತದ್ದು ಜಂಗಮ ಹೊರಟುಹೋದ ಮೇಲಿನ ಸ್ಥಾವರದಲ್ಲಿ. ಅಲ್ಲಿ ಅವನು ತೋರಿದ ಗೌರವ ಪ್ರಾಮಾಣಿಕವಾದುದು. ಆ ಗೌರವವೊಂದೇ ಬಾಗಿಲನ್ನು ತೆರೆದಿಡಲು ಸಾಕಾಗುತ್ತದೆಯೆ ಎಂಬ ಪ್ರಶ್ನೆಯನ್ನು ಅವನ ಕವಿತೆ ಎತ್ತುತ್ತದೆ, ಉತ್ತರಿಸುವುದಿಲ್ಲ. ನಂಬಲಾರದವನು ತನ್ನ ಸಂದೇಹವನ್ನು ಮುಚ್ಚಿಡದೆ, ಆದರೆ ಮತ್ತೊಬ್ಬರ ಸಲುವಾಗಿ ಒಂದು ಕೆಲಸವನ್ನು ಹೊತ್ತು ಒಳಗೆ ಹೋಗಬಹುದು ಎಂಬುದಕ್ಕೆ ಇಂಗ್ಲಿಷ್ ಸಾಹಿತ್ಯದಲ್ಲಿ ದೊರೆಯುವ ಸ್ಪಷ್ಟವಾದ ನಿದರ್ಶನವೆಂದರೆ, ತನಗರ್ಥವಾಗದ ವಿಧಿಗಾಗಿ ಮಗುವನ್ನು ಎತ್ತಿಕೊಂಡು ರಾವೆಲೋ ಚರ್ಚಿನ ಬಾಗಿಲು ದಾಟಿದ ನೇಕಾರ.